ಕತ್ತಲಾಗದ ಊರಿನಲ್ಲಿ ಮಂಜನ ಅಕ್ಕ

ಅಟ್ಟೂರು

ಫಿನ್ಲೆಂಡಿಗೆ ಓಡುವುದಕ್ಕೆ ಹೋಗುತ್ತಿದ್ದೇನೆ ಎಂದು ಹೇಳಿದಾಗ ಅಪ್ಪ ಕಿವಿಯ ಮಷೀನು ಸರಿಮಾಡಿಕೊಂಡು, ಮನೆಯಲ್ಲಿ ಯಾರ ಜೊತೆ ಜಗಳವಾಯಿತು ಎಂದು ಕೇಳಿದರು. ನಾನು ಮನೆ ಬಿಟ್ಟು ಓಡಿಹೋಗುತ್ತಿದ್ದೇನೆಂದು ಅವರು ತಿಳಿದಿದ್ದರು. ವಯಸ್ಸಾದ ಓಟಗಾರರಿಗೆಂದೇ ಅಲ್ಲಿ ಒಂದು ಕ್ರೀಡಾಕೂಟ ನಡೆಯುತ್ತದೆ, ನಲವತ್ತೈದು ದಾಟಿದ ಹೆಂಗಸರ ಇನ್ನೂರು ಮೀಟರಿನಲ್ಲಿ ನನ್ನ ಹೆಸರಿದೆ ಎಂದು ಬಿಡಿಸಿ ಹೇಳಿದೆ. ನಮ್ಮ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಅವರೇ ಕಟ್ಟಿಸಿದ ಬಾಡಿಗೆ ಮನೆಗಳಿವೆ. ಅವುಗಳ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುವುದು ಅವರ ದಿನಚರಿ.

"ಓಡಾಕೆ ಅಷ್ಟು ದೂರ ಯಾಕವ್ವ ಓಗ್ಬೇಕು? ಇಲ್ಲೇ ಪುಟ್ಟೇನಳ್ಳಿ ಕೆರೆ ತಾವ ದಿನಾ ಓಡ್ತೀಯಲ್ಲ, ಸಾಲ್ದಾ?" ಎಂದರು.



ನನ್ನ ಹೆಸರು ನಾಗವೇಣಿ. ನೀವು ಕೇಳಿರಲಾರಿರಿ. ನನ್ನ ತಮ್ಮ ಮಂಜುನಾಥನ ಹೆಸರು ಕೇಳಿರುತ್ತೀರಿ. ದೇಶಕ್ಕೆ ಕ್ರಿಕೆಟ್ ಆಡಿದವನು. ಪಾಯಿಂಟಿನಲ್ಲಿ ನಿಂತು, ಗಾಳಿಯಲ್ಲಿ ಅಡ್ಡಡ್ಡ ಹಾರಿ ಚೆಂಡು ಹಿಡಿಯುತ್ತಿರುವ ಅವನ ಚಿತ್ರ ಒಂದು ಕಾಲಕ್ಕೆ ಯಲಹಂಕದ ಅರ್ಧ ಸಲೂನುಗಳ ಗೋಡೆಯ ಮೇಲಿತ್ತು. ನಾನು ಅವನಿಗಿಂತ ನಾಲ್ಕು ವರ್ಷ ದೊಡ್ಡವಳು. ರಾಜ್ಯಕ್ಕೆ ನೂರು, ಇನ್ನೂರು ಮೀಟರು ಓಡಿದ್ದೇನೆ, ಒಂದೆರಡು ಸಲ ಗೆದ್ದೂ ಇದ್ದೇನೆ. ಈಗ ಯಲಹಂಕದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಶಾಲೆಯ ವಾರ್ಷಿಕೋತ್ಸವದಲ್ಲಿ ನನ್ನನ್ನು ವೇದಿಕೆಗೆ ಕರೆಯುವುದು ಮಂಜುನಾಥ್ ಅವರ ಅಕ್ಕ ಎಂದೇ. ಹಲ್ಲು ಕೀಳಿಸಲು ಆರ್.ಟಿ. ನಗರದ ದಂತವೈದ್ಯರ ಬಳಿ ಹೋದಾಗ, ಅವರು ನನ್ನ ಬಾಯಲ್ಲಿ ಇಕ್ಕಳವಿಟ್ಟುಕೊಂಡೇ ಅವನ ಮೊಣಕಾಲು ಹೇಗಿದೆಯೆಂದು ವಿಚಾರಿಸಿದ್ದರು. ಯಾರ ತಪ್ಪೂ ಇಲ್ಲ ಇದರಲ್ಲಿ. ಕೇಳಿ ಕೇಳಿ, ಬೀದಿಯಲ್ಲಿ ಯಾರಾದರೂ "ಮಂಜನ ಅಕ್ಕ" ಎಂದರೆ ನನ್ನ ಹೆಸರೇ ಕರೆದಂತೆ ತಿರುಗಿ ನೋಡುವುದು ಅಭ್ಯಾಸವಾಗಿತ್ತು.

ಅದಕ್ಕೇ ಈ ಪ್ರಯಾಣವೊಂದು ನನ್ನೊಬ್ಬಳದಾಗಿರಲಿ ಎಂಬ ಆಸೆಯಿತ್ತು. ಆದರೆ ಹೊರಡುವ ತಿಂಗಳಿಗೆ ಸರಿಯಾಗಿ ಮಂಜ ಹೆಬ್ಬಾಳದ ತನ್ನ ಫ್ಲ್ಯಾಟಿನಿಂದ ಫೋನು ಮಾಡಿ, "ನಾನೂ ಬರ್ತೀನಿ ಅಕ್ಕ" ಎಂದ. ಆಟ ಬಿಟ್ಟು ಎರಡು ವರ್ಷವಾಗಿತ್ತು. ಮೊಣಕಾಲಿಗೆ ಆಪರೇಷನ್ ಆಗಿತ್ತು. ಹನ್ನೊಂದನೇ ಮಹಡಿಯ ಬಾಲ್ಕನಿಯಲ್ಲಿ ಕೂತು ಫ್ಲೈಓವರಿನ ಮೇಲೆ ಕಾರುಗಳು ತೆವಳುವುದನ್ನು ನೋಡುತ್ತಿರುತ್ತಾನೆ ಎಂದು ಅವನ ಹೆಂಡತಿ ಹೇಳುತ್ತಿದ್ದಳು. ನಾನು ಏನಾದರೂ ನೆಪ ಹೇಳಿ ತಪ್ಪಿಸಬೇಕೆಂದಿದ್ದೆ. ನಮ್ಮ ಮನೆಯವರು ಧಾರವಾಡದ ಕಡೆಯವರು, ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಕೆಲಸ. ಅವರಿಗೆ ರಜೆ ಸಿಕ್ಕಿರಲಿಲ್ಲ. "ತಮ್ಮನ್ನ ಕರ್ಕೊಂಡ್ ಹೋಗು. ಪಾಪ, ಮನ್ಯಾಗ ಕುಂತು ಕುಂತು ಅವನೂ ಬ್ಯಾಸತ್ತಾನ" ಎಂದುಬಿಟ್ಟರು. ಹಾಗಾಗಿ ಇಬ್ಬರೂ ಹೊರಟೆವು.

ಹೆಲ್ಸಿಂಕಿ

ಬೆಂಗಳೂರಿನಿಂದ ಹೊರಟ ವಿಮಾನದಲ್ಲಿ ಮಂಜನ ಸೀಟಿನ ಸುತ್ತ ಜನ ಬರುತ್ತಲೇ ಇದ್ದರು. ದಾರಿಯಲ್ಲಿ ವಿಮಾನ ಬದಲಿಸಿ ಉತ್ತರದ ಕಡೆಗೆ ಹಾರತೊಡಗಿದ ಮೇಲೆ ಒಬ್ಬರೂ ಬರಲಿಲ್ಲ. ನಾನು ಗಮನಿಸಿದೆ. ಅವನೂ ಗಮನಿಸಿದ್ದ ಎಂದು ಆಮೇಲೆ ಗೊತ್ತಾಯಿತು. ನಡುವೆ ನಿದ್ದೆ ತಿಳಿದು ಕಿಟಕಿಯ ಮುಚ್ಚಳ ಎತ್ತಿದರೆ ಹೊರಗೆ ಬೆಳಕಿತ್ತು. ಮತ್ತೆ ನಿದ್ದೆ, ಮತ್ತೆ ಎಚ್ಚರ, ಆಗಲೂ ಅದೇ ಬೆಳಕು. ಕೆಳಗೆ ಕಾಡು, ಕಾಡಿನ ನಡುವೆ ಚೆಲ್ಲಿದಂತೆ ನೀರು. ಯಾವುದು ನೆಲ, ಯಾವುದು ಕೆರೆ ಎಂದು ತಿಳಿಯದ ಹಾಗೆ ಎರಡೂ ಹೊಳೆಯುತ್ತಿದ್ದವು. ಇನ್ನೂ ನಿದ್ದೆಯಲ್ಲೇ ಇದ್ದೇನೆ ಅನ್ನಿಸಿತು. ಆ ಅನ್ನಿಸಿಕೆ ಆ ದೇಶದಲ್ಲಿದ್ದಷ್ಟು ದಿನವೂ ನನ್ನನ್ನು ಪೂರ್ತಿ ಬಿಡಲಿಲ್ಲ.

ಹೆಲ್ಸಿಂಕಿಯಲ್ಲಿ ಎಲ್ಲರ ಸಾಮಾನೂ ಬಂತು, ಓಟದ ಶೂ ಇದ್ದ ನನ್ನ ಬ್ಯಾಗು ಬರಲಿಲ್ಲ. ನನಗೆ ಅಳುವೇ ಬಂದಿತ್ತು. ಮಂಜ, ತಾನು ಮಾತಾಡುವೆನೆಂದು ಕೌಂಟರಿಗೆ ಹೋಗಿ ತನ್ನ ಹೆಸರು ಹೇಳಿ ಸುಮ್ಮನೆ ನಿಂತ. ನಮ್ಮೂರಿನಲ್ಲಿ ಆ ಹೆಸರು ಹೇಳಿ ನಿಂತರೆ ಸಾಕು, ಮುಂದಿನದನ್ನು ಬೇರೆಯವರು ನೋಡಿಕೊಳ್ಳುತ್ತಾರೆ. ಕೌಂಟರಿನ ಹುಡುಗಿಯೂ ಸುಮ್ಮನೆ ಕಾದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತಿದ್ದರು. ಕೊನೆಗೆ ಅವಳು ಬಹಳ ಮರ್ಯಾದೆಯಿಂದ ಸ್ಪೆಲಿಂಗ್ ಕೇಳಿದಳು. ಮಂಜ ಒಂದೊಂದೇ ಅಕ್ಷರ ಹೇಳಿದ. ಅಷ್ಟು ಬರೆದುಕೊಂಡ ಮೇಲೆ, ಕಳೆದುಹೋದದ್ದು ಅಕ್ಕನ ಬ್ಯಾಗಾದರೆ ಅಕ್ಕನ ಹೆಸರು ಬೇಕಲ್ಲ ಎಂದಳು.

ರೈಲಿಗೆ ಇನ್ನೂ ಹೊತ್ತಿತ್ತು. ಬಂದರಿನ ಕಡೆ ನಡೆದೆವು. ಹಡಗುಗಳ ಪಕ್ಕದಲ್ಲೇ ಸಂತೆ. ತರಕಾರಿ ಅಂಗಡಿಯಲ್ಲಿ ಹಸಿ ಬಟಾಣಿ ಕಾಯಿಯನ್ನು ಕಡಲೆಕಾಯಿಯ ಹಾಗೆ ಪೊಟ್ಟಣದಲ್ಲಿ ಕೊಡುತ್ತಾರೆ, ಜನ ಸುಲಿದು ತಿನ್ನುತ್ತ ನಡೆಯುತ್ತಾರೆ. ಮಂಜ ಐಸ್‌ಕ್ರೀಮು ಕೊಂಡ. ಮೊದಲ ತುತ್ತಿಗೆ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಕಡಲಹಕ್ಕಿಯೊಂದು ಬೀಸಿ ಬಂದು ಕೋನು ಸಮೇತ ಎತ್ತಿಕೊಂಡು ಹೋಯಿತು. ಪಾಯಿಂಟಿನಲ್ಲಿ ಚೆಂಡು ಬಿಡದ ಕೈ, ಖಾಲಿಯಾಗಿ ಹಾಗೆಯೇ ಮೇಲೆ ನಿಂತಿತ್ತು. ಹತ್ತಿರವಿದ್ದ ಮುದುಕನೊಬ್ಬ ನಗಲಿಲ್ಲ. ಕೈಯೆತ್ತಿ ಒಂದು ಫಲಕ ತೋರಿಸಿದ. ಹಕ್ಕಿಗಳಿವೆ, ಎಚ್ಚರಿಕೆ ಎಂದು ಚಿತ್ರ ಸಮೇತ ಬರೆದಿತ್ತು. ನನಗೆ ನಗು ತಡೆಯಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ಮಂಜನೂ ನಕ್ಕ.

ರೈಲಿನಲ್ಲಿ

ನಾವು ಹೋಗಬೇಕಿದ್ದ ಊರಿನ ಹೆಸರು ನನ್ನ ನಾಲಿಗೆಯಲ್ಲಿ ಇವತ್ತಿಗೂ ಸರಿಯಾಗಿ ಹೊರಳುವುದಿಲ್ಲ, ಹಾಗಾಗಿ ಬರೆಯುವ ಸಾಹಸ ಮಾಡುವುದಿಲ್ಲ. ಕೆರೆಗಳ ನಡುವೆ ಸಿಕ್ಕಿಕೊಂಡ ಸಣ್ಣ ಪಟ್ಟಣ. ಅಲ್ಲಿಗೆ ಹೋಗುವ ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ. ಯಶವಂತಪುರದಲ್ಲಿ ತುಮಕೂರಿನ ಗಾಡಿ ಹತ್ತಿದರೆ ಎರಡು ಸ್ಟೇಷನ್ ದಾಟುವುದರೊಳಗೆ ಎದುರಿನವರ ಮಗಳ ಮದುವೆ ಎಲ್ಲಿಗೆ ಬಂತೆಂದು ತಿಳಿದಿರುತ್ತದೆ. ಇಲ್ಲಿ ನನ್ನ ಎದುರಿಗೆ ಕೂತ ಹೆಂಗಸು ಉಲ್ಲನ್ನಿನ ಕಾಲುಚೀಲ ಹೆಣೆಯುತ್ತ ಮೂರು ಗಂಟೆಯ ದಾರಿಯಲ್ಲಿ ಒಮ್ಮೆಯೂ ತಲೆಯೆತ್ತಲಿಲ್ಲ. ಅಷ್ಟರಲ್ಲಿ ಅಮ್ಮನ ಫೋನು ಬಂತು. ನಾನು ಪಿಸುಗುಟ್ಟಿದರೂ ಅಮ್ಮ ಅಟ್ಟೂರಿನಿಂದ ಕೂಗುತ್ತಿದ್ದುದು ಇಡೀ ಬೋಗಿಗೆ ಕೇಳಿಸಿತು. ಮಂಜ ಊಟ ಮಾಡಿದನೇ, ಮಂಜನಿಗೆ ಚಳಿಯೇ, ಮಂಜನ ಕಾಲು ನೋಯುತ್ತಿದೆಯೇ. ಎಲ್ಲಕ್ಕೂ ಉತ್ತರ ಕೊಟ್ಟು ಇಟ್ಟೆ. ಹೆಣೆಯುತ್ತಿದ್ದ ಹೆಂಗಸು ಆಗ ಮಾತ್ರ ಒಂದು ಕ್ಷಣ ಮುಗುಳ್ನಕ್ಕಳು. ಅಮ್ಮಂದಿರ ದನಿಗೆ ಭಾಷೆ ಬೇಕಾಗುವುದಿಲ್ಲವೇನೋ.

ಕಿಟಕಿಯಾಚೆ ಬಿಳಿ ತೊಗಟೆಯ ಬರ್ಚ್ ಮರಗಳು ಸಾಲು ಸಾಲಾಗಿ ಹಿಂದಕ್ಕೆ ಸರಿಯುತ್ತಿದ್ದವು. ನೋಡುತ್ತ ನೋಡುತ್ತ ರೈಲು ನಿಂತಿದೆ, ಮರಗಳೇ ಓಡುತ್ತಿವೆ ಅನ್ನಿಸತೊಡಗಿತು. ಒಂದು ಕೆರೆ ಮುಗಿದರೆ ಮತ್ತೊಂದು. ಬೇಲಿಯಿಲ್ಲ, ಸುತ್ತ ಲೇಔಟಿಲ್ಲ. ನಮ್ಮ ಕಡೆ ಕೆರೆಯ ಅಂಗಳವನ್ನು ಎಷ್ಟು ಜನ ಎಷ್ಟು ಬಗೆಯಲ್ಲಿ ಅಳೆದಿದ್ದಾರೆ ಎಂಬುದನ್ನು ಕಂಡು ಬೆಳೆದ ನನಗೆ, ಇಷ್ಟು ನೀರು ಯಾರಿಗೂ ಸೇರದಂತೆ ಸುಮ್ಮನೆ ಬಿದ್ದಿರುವುದು ನಂಬಲಾಗಲಿಲ್ಲ.

ಐಲಾ ಅವರ ಮನೆ

ಕೂಟಕ್ಕೆ ಬಂದವರಿಗೆ ಊರಿನವರೇ ತಮ್ಮ ಮನೆಗಳಲ್ಲಿ ಕೋಣೆ ಕೊಟ್ಟಿದ್ದರು. ನಮಗೆ ಸಿಕ್ಕವರು ಐಲಾ. ಎಪ್ಪತ್ತು ದಾಟಿದ, ಕತ್ತರಿಸಿದ ಬಿಳಿ ಕೂದಲಿನ, ಒಂಟಿಯಾಗಿರುವ ಹೆಂಗಸು. ಮನೆಯ ಹಿಂಬಾಗಿಲು ತೆರೆದರೆ ಕೆರೆ. ದಡದಿಂದ ನೀರಿನೊಳಕ್ಕೆ ಚಾಚಿಕೊಂಡ ಮರದ ಹಲಗೆಯ ಕಾಲುದಾರಿ ಅರ್ಧಕ್ಕೆ ನಿಂತುಹೋದ ಸೇತುವೆಯ ಹಾಗಿತ್ತು. ಅವರ ಇಂಗ್ಲಿಷು ನನ್ನ ಇಂಗ್ಲಿಷಿನಷ್ಟೇ ಬಡವಾಗಿದ್ದರಿಂದ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದಿತು. ಅವರೂ ಶಾಲೆಯಲ್ಲಿ ಪಿ.ಟಿ. ಟೀಚರಾಗಿದ್ದವರು ಎಂದು ತಿಳಿದಾಗ ನನಗೆ ಯಾಕೋ ನಮ್ಮ ಕಡೆಯವರೇ ಸಿಕ್ಕಂತಾಯಿತು.

ಮಂಜ ಏನು ಮಾಡುತ್ತಾನೆ ಎಂದು ಕೇಳಿದರು. ಕ್ರಿಕೆಟ್ ಎಂದ. ಐಲಾ ಹುಬ್ಬೇರಿಸಿ, ಕತ್ತಲಾದ ಮೇಲೆ ಹುಲ್ಲಿನಲ್ಲಿ ಕೂಗುವ ಜೀರುಂಡೆಯ ಹಾಗೆ ಬಾಯಲ್ಲಿ ಸದ್ದು ಮಾಡಿ ತೋರಿಸಿದರು. ಇಂಗ್ಲಿಷಿನಲ್ಲಿ ಆ ಹುಳಕ್ಕೂ ಅದೇ ಹೆಸರು. ಹುಳುಗಳ ಮೇಲೆ ಸಂಶೋಧನೆ ಮಾಡುವವನು ಎಂದುಕೊಂಡಿದ್ದರು. ಮಂಜ ಅಡುಗೆಮನೆಯ ಲಟ್ಟಣಿಗೆ, ಒಂದು ಆಲೂಗಡ್ಡೆ ತೆಗೆದುಕೊಂಡು ಆಟ ವಿವರಿಸಿದ. ಐಲಾ ಕೊನೆಯವರೆಗೂ ಶ್ರದ್ಧೆಯಿಂದ ಕೇಳಿ, ಆಟ ಐದು ದಿನ ನಡೆಯುತ್ತದೆ ಎಂದಾಗ ಮಾತ್ರ ಅವನು ತಮಾಷೆ ಮಾಡುತ್ತಿದ್ದಾನೆ ಎಂದು ನಿರ್ಧರಿಸಿದರು.

ಮರುದಿನ ಬೆಳಿಗ್ಗೆ ನನ್ನ ಬ್ಯಾಗು ಬಂದಿತ್ತು. ವ್ಯಾನಿನವರು ಅದನ್ನು ಗೇಟಿನ ಹೊರಗೆ ರಸ್ತೆ ಬದಿಯಲ್ಲಿ ಇಟ್ಟು ಹೋಗಿದ್ದರು. ಎಷ್ಟು ಹೊತ್ತಿನಿಂದ ಇತ್ತೋ, ಅದರ ಮೇಲೆ ಇಬ್ಬನಿ ಕೂತಿತ್ತು. ಬ್ಯಾಗು ಒಳಗೆ ತರುವಾಗ ಪಕ್ಕದ ಮನೆಯವರು ಬೇಲಿಯ ಬಳಿ ಬಂದರು. ಐಲಾ ಪರಿಚಯ ಮಾಡಿಸಿದರು. ನನ್ನ ಕಡೆ ಕೈ ತೋರಿಸಿ, ಇವರು ಭಾರತದ ಓಟಗಾರ್ತಿ ಎಂದರು. ಮಂಜನ ಕಡೆ ತೋರಿಸಿ, ಇವನು ಇವರ ತಮ್ಮ ಎಂದರು. ಪಕ್ಕದ ಮನೆಯವರು ನನ್ನ ಕೈ ಕುಲುಕಿ, ಅವನಿಗೆ ತಲೆಯಾಡಿಸಿ ಹೋದರು.

ಅಷ್ಟೇ ಆದದ್ದು. ಆದರೆ ನಾನು ಬ್ಯಾಗು ಹಿಡಿದುಕೊಂಡು ಆ ಹುಲ್ಲಿನ ಮೇಲೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. ಮಂಜ ನಗುತ್ತ, ಬ್ಯಾಗು ಕೊಡು, ತಮ್ಮ ಹೊತ್ತುಕೊಳ್ಳುತ್ತಾನೆ ಎಂದ.

ಸಂಜೆ ಐಲಾ ನನ್ನನ್ನು ಸೌನಾಕ್ಕೆ ಕರೆದರು. ಕೆರೆಯ ದಡದಲ್ಲಿ ಮರದ ಪುಟ್ಟ ಕೋಣೆ, ಒಳಗೆ ಒಲೆಯ ಮೇಲೆ ಕಾದ ಕಲ್ಲು, ಅದರ ಮೇಲೆ ನೀರೆರಚಿ ಬೆವರುವುದು. ನಾನು ನೈಟಿ ಹಾಕಿಕೊಂಡು ಹೋದೆ. ಐಲಾ ಮೈಮೇಲೆ ಒಂದು ಎಳೆಯೂ ಇಲ್ಲದೆ, ದೇವರ ಮುಂದೆ ಕೂತವರ ಹಾಗೆ ನೆಮ್ಮದಿಯಾಗಿ ಕೂತಿದ್ದರು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ, ದೊಡ್ಡವರ ಪಕ್ಕಕ್ಕೇ ಕೂರಬಹುದೋ ಇಲ್ಲವೋ ಎಂದೂ ತಿಳಿಯದೆ, ಮೂಲೆಯ ಮೇಲಿನ ಹಲಗೆ ಹತ್ತಿ ಕೂತೆ. ಅದೇ ಎಲ್ಲಕ್ಕಿಂತ ಬಿಸಿಯಾದ ಜಾಗ. ಐಲಾ ಒಂದು ಸೌಟು ನೀರೆರಚಿದ್ದೇ ತಡ, ಇಡ್ಲಿ ಪಾತ್ರೆಯ ಮುಚ್ಚಳ ನನ್ನ ಮುಖಕ್ಕೇ ತೆಗೆದ ಹಾಗಾಯಿತು. ನೈಟಿ ಸಮೇತ ಹೊರಗೆ ಓಡಿ, ಹಲಗೆಯ ದಾರಿಯ ಕೊನೆಗೆ ಹೋಗಿ ನೀರಿಗಿಳಿದೆ. ಎದೆಯ ಮಟ್ಟದ ನೀರು. ತಣ್ಣಗೆ, ಕಪ್ಪು ಟೀಯ ಬಣ್ಣ. ಬೇಸಿಗೆಯಲ್ಲಿ ಅಲ್ಲಿ ರಾತ್ರಿಯೂ ಪೂರ್ತಿ ಕತ್ತಲಾಗುವುದಿಲ್ಲ. ಎದುರು ದಡದ ಮರಗಳ ಮೇಲೆ ಸೂರ್ಯ ಇಳಿಯಲೂ ಆಗದೆ ಏರಲೂ ಆಗದೆ ನಿಂತಿದ್ದ. ನೈಟಿ ನೀರಲ್ಲಿ ಉಬ್ಬಿ ನನ್ನ ಸುತ್ತ ಹೂವಿನಂತೆ ತೇಲುತ್ತಿತ್ತು. ಹಿಂದಿನಿಂದ ಐಲಾ ಸದ್ದಿಲ್ಲದೆ ಬಂದು ನೀರಿಗಿಳಿದು ನನ್ನ ಪಕ್ಕ ನಿಂತರು. ಇಬ್ಬರು ಪಿ.ಟಿ. ಟೀಚರುಗಳು ಏನೂ ಮಾತಾಡದೆ ಬಹಳ ಹೊತ್ತು ನಿಂತೇ ಇದ್ದೆವು. ಆ ದೇಶದ ಮೌನ ಆಗ ನನಗೆ ಸ್ವಲ್ಪ ಅರ್ಥವಾಯಿತು.

ಮೈದಾನ

ಕ್ರೀಡಾಂಗಣದ ಒಂದು ಬದಿಗೆ ಪೈನ್ ಮರಗಳ ಗುಡ್ಡ. ತೊಂಬತ್ತು ದಾಟಿದ ಜಪಾನಿನ ಅಜ್ಜ ಗುಂಡು ಎಸೆಯುತ್ತಿದ್ದರು. ಅದು ಅವರ ಕಾಲಿನ ಹತ್ತಿರವೇ ಬಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸುಕ್ಕುಗಟ್ಟಿದ ಮೊಣಕಾಲುಗಳು, ಬಿಗಿದ ಬ್ಯಾಂಡೇಜುಗಳು, ನೋವಿನ ಮುಲಾಮಿನ ವಾಸನೆ. ಎಲ್ಲೋ ಓದಿದ ಸ್ವರ್ಗದ ವರ್ಣನೆಯಲ್ಲಿ ಇಂಥ ಜಾಗ ಇರಲಿಲ್ಲ, ಇರಬೇಕಿತ್ತು ಅನ್ನಿಸಿತು.

ಬೆಳಗಿನ ಹೀಟ್ಸಿನಲ್ಲಿ ನಾನು ಹೇಗೋ ಫೈನಲಿಗೆ ಬಂದೆ. ಮಂಜ ಆಗ ಇನ್ನೂ ಐಲಾ ಅವರ ಮನೆಯಲ್ಲಿ ಮಲಗಿದ್ದ. ಫೈನಲು ಮಧ್ಯಾಹ್ನಕ್ಕೆ. ಐಲಾ ಅವನನ್ನು ಕರೆದುಕೊಂಡು ಬಂದು ಕೊನೆಗೆರೆಯ ಹತ್ತಿರ ಎರಡು ಕುರ್ಚಿ ಹಿಡಿದರು.

ಮಂಜ ಅದುವರೆಗೂ ನಾನು ಓಡುವುದನ್ನು ನೋಡಿಯೇ ಇರಲಿಲ್ಲ. ಹೇಳಿದರೆ ಯಾರೂ ನಂಬುವುದಿಲ್ಲ. ಅವನ ಮ್ಯಾಚುಗಳೂ ನನ್ನ ಕೂಟಗಳೂ ಭಾನುವಾರವೇ ಬರುತ್ತಿದ್ದವು. ಅಪ್ಪನ ಸ್ಕೂಟರಿನಲ್ಲಿ ಮುಂದೆ ಅವನ ಕಿಟ್ಟು, ಹಿಂದೆ ಅವನು. ನಾನು ಯಲಹಂಕದಿಂದ ಬಸ್ಸು ಹಿಡಿದು ಒಬ್ಬಳೇ ಹೋಗಿ, ಓಡಿ, ಬಸ್ಸಿನಲ್ಲೇ ವಾಪಸು ಬರುತ್ತಿದ್ದೆ. ರಾಜ್ಯಮಟ್ಟದಲ್ಲಿ ಮೊದಲ ಸಲ ಗೆದ್ದು ಮನೆಗೆ ಬಂದಾಗ ಬಾಗಿಲ ತುಂಬ ಚಪ್ಪಲಿಗಳಿದ್ದವು. ನನಗೇ ಎಂದುಕೊಂಡು ಒಳಗೆ ಹೋದೆ. ಅವತ್ತೇ ಮಂಜ ಜೂನಿಯರ್ ತಂಡಕ್ಕೆ ಆಯ್ಕೆಯಾಗಿದ್ದ. ನನಗೂ ಸಂತೋಷವಾಗಿತ್ತು, ಸುಳ್ಳಲ್ಲ. ಪದಕ ಬ್ಯಾಗಿನಲ್ಲೇ ಇಟ್ಟುಕೊಂಡು ಬಂದವರಿಗೆಲ್ಲ ಕಾಫಿ ಕೊಟ್ಟೆ.

ಹಾಗಾಗಿ ಗೆರೆಯ ಮೇಲೆ ಬೆರಳೂರುವಾಗ ನನ್ನ ಎದೆ ಹೊಡೆದುಕೊಳ್ಳುತ್ತಿದ್ದುದು ಪಕ್ಕದ ಲೇನಿನ ಎತ್ತರದ ಜರ್ಮನ್ ಹೆಂಗಸಿಗೆ ಹೆದರಿ ಅಲ್ಲ. ಮೈಕಿನಲ್ಲಿ ನನ್ನ ಹೆಸರು ಕೂಗಿದರು. ನಾಗ ಎಂದು ನಿಲ್ಲಿಸಿ, ಉಸಿರೆಳೆದು, ವೇಣಿ ಎಂದರು. ಗುಂಡು ಹಾರಿತು. ತಿರುವಿನಲ್ಲಿ ನನ್ನ ಕಾಲು ನೆಲಕ್ಕೆ ತಾಕಿದ್ದೇ ನೆನಪಿಲ್ಲ. ತಿರುವು ಮುಗಿದು ನೇರ ದಾರಿ ಕಂಡಾಗ ಎದುರಿಗೆ ಯಾರೂ ಇರಲಿಲ್ಲ, ನಾನೇ ಮುಂದಿದ್ದೆ. ಬರೀ ಕೆಂಪು ನೆಲ, ಬಿಳಿ ಗೆರೆ, ದೂರದಲ್ಲಿ ಮರಗಳು. ಆಮೇಲೆ ವಯಸ್ಸು ಬಂದು ತೊಡೆ ಹಿಡಿಯಿತು. ಜರ್ಮನಿಯವಳು ಹೋದಳು, ಇನ್ನೊಬ್ಬಳು ಹೋದಳು, ಒಬ್ಬೊಬ್ಬರಾಗಿ ಹೋದರು. ಎಂಟು ಜನರಲ್ಲಿ ಆರನೆಯವಳಾಗಿ ಮುಗಿಸಿದೆ.

ಉಸಿರು ತಿರುಗಿದ ಮೇಲೆ ನೋಡಿದೆ. ಐಲಾ ಎರಡೂ ಕೈಯೆತ್ತಿ ಬೀಸುತ್ತಿದ್ದರು. ಅವರ ಪಕ್ಕದ ಕುರ್ಚಿಯ ಮೇಲೆ ಮಂಜನ ಜಾಕೆಟ್ಟು ಮಾತ್ರ ಇತ್ತು. ಸ್ವಲ್ಪ ಹೊತ್ತಿಗೆ ಎರಡು ಲೋಟ ಟೀ ಹಿಡಿದುಕೊಂಡು ಬಂದ. ಟೀ ತಣ್ಣಗಾಗಿತ್ತು.

ಹಲಗೆಯ ದಾರಿ

ಸಂಜೆ ಹಲಗೆಯ ಮೇಲೆ ಕೂತು ಕಾಲು ನೀರಿಗೆ ಬಿಟ್ಟುಕೊಂಡಿದ್ದೆ. ಐಲಾ ಕಾಡಿನಿಂದ ಕಿತ್ತು ತಂದ ನೀಲಿ ಹಣ್ಣಿನ ಬಟ್ಟಲು ಪಕ್ಕದಲ್ಲಿತ್ತು. ತಿಂದರೆ ನಾಲಿಗೆ ನೇರಳೆ ಹಣ್ಣು ತಿಂದ ಹಾಗೆಯೇ ಆಗುತ್ತದೆ. ಮಂಜ ಬಂದು ಕೂತ.

"ಸಖತ್ತಾಗಿ ಓಡ್ದೆ ಅಕ್ಕ. ಅದೂ ಲಾಸ್ಟಲ್ಲಿ ಒಬ್ಬೊಬ್ಬರನ್ನೇ ಹಿಂದೆ ಹಾಕ್ದೆ ನೋಡು, ಸೂಪರ್."

ನಾನು ಅವನ ಮುಖ ನೋಡಿದೆ. ಟೀವಿಯಲ್ಲಿ ಮಾತಾಡುವಾಗಿನ ನಗು ಇತ್ತು.

"ನೀನು ನೋಡಿಲ್ಲ ಅಲ್ವಾ ಮಂಜ? ನಾನು ತಿರುವಲ್ಲಿ ಫಸ್ಟ್ ಇದ್ದೆ ಕಣೋ. ಲಾಸ್ಟಲ್ಲೇ ಎಲ್ಲರೂ ನನ್ನ ಹಿಂದೆ ಹಾಕಿದ್ದು."

ನೋಡದೇ ಇದ್ದದ್ದಕ್ಕಿಂತ, ನೋಡಿದೆ ಎಂದು ಹೇಳಿದ್ದು ನನಗೆ ಹೆಚ್ಚು ನೋವಾಗಿತ್ತು. ಅದನ್ನೂ ಹೇಳಿದೆ. ಅವನ ಮ್ಯಾಚುಗಳಿಗೆ ನಾನು ಹೋಗಿದ್ದನ್ನು, ಪರೀಕ್ಷೆ ಬಿಟ್ಟು ಹೋಗಿದ್ದನ್ನು, ಬಸುರಿಯಾಗಿದ್ದಾಗ ಬಿಸಿಲಲ್ಲಿ ಕೂತಿದ್ದನ್ನು, ಯಾವತ್ತೂ ಬಾಯಿ ಬಿಡದ್ದನ್ನೆಲ್ಲ ಒಂದೊಂದಾಗಿ ಹೇಳಿದೆ. ದನಿ ಏರಿಸಲಿಲ್ಲ. ಆ ಕೆರೆಯ ಮುಂದೆ ದನಿ ಏರುವುದೇ ಇಲ್ಲ.

ಮಂಜ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. "ಟೀ ತರೋಕೆ ಹೋಗಿದ್ದೆ. ಅಲ್ಲಿ ಅಂಗಡಿ ಇಟ್ಟಿರೋರು ನೇಪಾಳದೋರು, ಗುರುತು ಹಿಡಿದ್ರು. ಫೋಟೋ ಅಂದ್ರು, ಒಳಗಿಂದ ಇನ್ನೂ ನಾಕು ಜನ ಬಂದ್ರು. ಮೈಕಲ್ಲಿ ನಿನ್ ಹೆಸ್ರು ಕೂಗಿದ್ದು ನಂಗೆ ಕೇಳಿಸ್ತು ಅಕ್ಕ. ಬಿಟ್ಟು ಬರಬೋದಿತ್ತು. ಬರಲಿಲ್ಲ."

"ಯಾಕೆ?"

"ಇಲ್ಲಿಗೆ ಬಂದಾಗಿಂದ ಒಬ್ರೂ ನನ್ನ ಗುರುತು ಹಿಡಿದಿರಲಿಲ್ಲ. ನಾನು ಇದೀನೋ ಇಲ್ವೋ ಅನ್ನೋ ಥರ ಆಗೋಗಿತ್ತು."

ಅವನು ಅದನ್ನು ನೆಪವೆಂದು ಹೇಳಲಿಲ್ಲ. ತನಗೇ ಆಶ್ಚರ್ಯವಾದಂತೆ ಹೇಳಿದ. ಹುಡುಗನಾಗಿದ್ದಾಗ ಗಾಯವಾದರೆ ಹೀಗೆಯೇ ಮೊಣಕೈ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. ನನಗೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು.

"ಮೂರು ದಿನಕ್ಕೇ ಹಿಂಗಾದ್ಯಲ್ಲೋ ನೀನು" ಎಂದೆ.

ಅವನು ತಲೆಯೆತ್ತಿ ನನ್ನ ಮುಖ ನೋಡಿದ. ಅರ್ಥವಾಯಿತು ಅವನಿಗೆ. ನಾನು ಬಟ್ಟಲು ತೆಗೆದುಕೊಂಡು ಒಳಗೆ ಹೋದೆ. ಅವನು ಅಲ್ಲೇ ಕೂತಿದ್ದ. ರಾತ್ರಿ ನನ್ನ ಕೋಣೆಯ ಪರದೆ ಸರಿಸಿದಾಗಲೂ ಆ ಮಾಸದ ಬೆಳಕಿನಲ್ಲಿ ಅವನ ಬೆನ್ನು ಕಾಣಿಸುತ್ತಿತ್ತು.

ಮತ್ತೆ ಮೈದಾನ

ಮರುದಿನ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ. ಐಲಾ ಕಾರಣ ಕೇಳಲಿಲ್ಲ. ಇಬ್ಬರ ತಟ್ಟೆಗೂ ಕಪ್ಪು ರೊಟ್ಟಿ ಹಾಕಿ, ಬೆಣ್ಣೆಯನ್ನು ಸರಿಯಾಗಿ ನಡುವೆ ಇಟ್ಟು ಹೋದರು. ಒಬ್ಬರು ಬೇಕಾದರೆ ಇನ್ನೊಬ್ಬರ ಕಡೆಯಿಂದ ಎಳೆದುಕೊಳ್ಳಬೇಕು.

ಕೂಟದ ಕೊನೆಯ ದಿನ ರಿಲೇ ಓಟ. ನನಗೆ ಅದರಲ್ಲಿ ಕೆಲಸವಿರಲಿಲ್ಲ. ಬೆಳಿಗ್ಗೆ ಮೈದಾನಕ್ಕೆ ಸುಮ್ಮನೆ ನೋಡಲು ಹೋದಾಗ ಪುಣೆಯಿಂದ ಬಂದಿದ್ದ ಸುನಂದಾ ಹುಡುಕಿಕೊಂಡು ಬಂದರು. ಭಾರತದ ಹೆಂಗಸರ ತಂಡದಲ್ಲಿ ಒಬ್ಬರಿಗೆ ತೊಡೆಯ ಸ್ನಾಯು ಹಿಡಿದಿದೆ, ಮೂರನೆಯ ಓಟ ನೀವು ಓಡುತ್ತೀರಾ ಎಂದು ಕೇಳಿದರು. ಮೂರನೆಯ ಓಟವೆಂದರೆ ಎರಡನೆಯ ತಿರುವು. ತಿರುವು ನನ್ನದು, ನೇರ ದಾರಿ ಬೇರೆಯವರಿಗಿರಲಿ ಎಂದು ಒಪ್ಪಿಕೊಂಡೆ. ಮಂಜನಿಗೆ ಹೇಳಲಿಲ್ಲ. ಐಲಾ ಅವರಿಗೆ ಹೇಳಿದ್ದೆ.

ಓಟದ ಹೊತ್ತಿಗೆ ಜಿನುಗು ಮಳೆ. ನಮ್ಮ ಮಳೆಯಂತೆ ಮೇಲಿಂದ ಬೀಳುವುದಲ್ಲ, ಗಾಳಿಯಲ್ಲೇ ತೇಲುತ್ತಿರುವಂಥದ್ದು. ನಾನು ನನ್ನ ಗುರುತಿನಲ್ಲಿ ನಿಂತು ಕೊನೆಗೆರೆಯ ಕಡೆ ನೋಡಿದೆ. ಐಲಾ ಕೊಡೆ ಹಿಡಿದು ಕೂತಿದ್ದರು. ಪಕ್ಕದ ಕುರ್ಚಿ ಖಾಲಿ. ಹೋಗಲಿ ಎಂದುಕೊಂಡೆ. ನಿಜವಾಗಿಯೂ ಹಾಗೆಯೇ ಅನ್ನಿಸಿತು, ಹೋಗಲಿ. ಸುನಂದಾ ತಮ್ಮ ಓಟದಲ್ಲಿ ಏದುಸಿರು ಬಿಡುತ್ತ ಹತ್ತಿರವಾಗುತ್ತಿದ್ದರು. ನಾನು ಹೊರಟೆ, ಕೈ ಹಿಂದಕ್ಕೆ ಚಾಚಿದೆ, ಬೇಟನ್ ಕೋಲು ಅಂಗೈಗೆ ಬಂತು. ಒದ್ದೆ ಕೆಂಪು ನೆಲ ಎಡಕ್ಕೆ ಬಾಗಿತು, ಅದರ ಜೊತೆ ನಾನೂ ಬಾಗಿದೆ. ಮಳೆಹನಿ ಕಣ್ಣಿಗೆ ಬಡಿಯುತ್ತಿತ್ತು. ಸದ್ದುಗಳೆಲ್ಲ ದೂರ ಸರಿದವು. ಮೈ ತೂಕ ಕಳೆದುಕೊಂಡಿತು. ಮುಂದಿನವರ ಕೈಗೆ ಬೇಟನ್ ಇಟ್ಟಾಗಲೇ ನನಗೆ ನೆಲದ ನೆನಪು ಬಂದದ್ದು.

ನಾಲ್ಕು ತಂಡಗಳಲ್ಲಿ ನಾವು ಮೂರನೆಯವರಾದೆವು. ಸೊಂಟದ ಮೇಲೆ ಕೈಯಿಟ್ಟುಕೊಂಡು ತಿರುವಿನ ಕಡೆಗೇ ವಾಪಸು ನಡೆಯುತ್ತಿದ್ದಾಗ ಕಂಡೆ. ಬೇಲಿಯಾಚೆ, ಪೈನ್ ಮರಗಳ ಕೆಳಗೆ, ಟೀ ಅಂಗಡಿಯಿಂದ ದೂರ, ಯಾರೂ ನಿಲ್ಲದ ಆ ಜಾಗದಲ್ಲಿ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಒಬ್ಬ ನಿಂತಿದ್ದ. ಪೂರ್ತಿ ನೆನೆದಿದ್ದ. ಬಹಳ ಮುಂಚೆಯೇ ಬಂದು ನಿಂತಿರಬೇಕು.

ನಾನು ಬೇಲಿಯ ಒಳಗೆ, ಅವನು ಹೊರಗೆ, ಜೊತೆಜೊತೆಗೆ ಸ್ವಲ್ಪ ದೂರ ನಡೆದೆವು. ಅವನು ಸೂಪರ್ ಎನ್ನಲಿಲ್ಲ.

"ನೀನು ಓಡೋವಾಗ ನಗ್ತೀಯ ಅಕ್ಕ. ನಿಂಗೆ ಗೊತ್ತಾ?"

"ನಾನಾ? ಇಲ್ಲ ಬಿಡು, ಹಲ್ಲು ಕಚ್ಚಿರ್ತೀನಿ."

"ಇಲ್ಲ. ಕೋಲು ಕೈಗೆ ಬಂತಲ್ಲ, ಆಗಿಂದ. ನಗು ಅಂದ್ರೆ ನಕ್ಕಿದ್ದಲ್ಲ. ನೀನು ಮನೇಲಿ ಯಾವತ್ತೂ ಹಂಗೆ ನಕ್ಕಿದ್ದು ನಾನು ನೋಡಿಲ್ಲ. ಕೊಡೋವರೆಗೂ ಇತ್ತು. ಕೊಟ್ಟ ಮೇಲೆ ಹೋಯ್ತು." ಬೇಲಿಯ ತಂತಿ ಹಿಡಿದು ನಿಂತ. "ಅಪ್ಪಂಗೆ ಗೊತ್ತಾ ಇದು?"

"ಅಪ್ಪ ಯಾವತ್ತು ನೋಡಿದಾರೆ ಕಣೋ?"

ಮಂಜ ತಲೆ ತಗ್ಗಿಸಿದ. ಮಳೆ ಅವನ ಟೋಪಿಯ ಅಂಚಿನಿಂದ ತೊಟ್ಟಿಕ್ಕುತ್ತಿತ್ತು. ಅವನು ಅಳುತ್ತಿದ್ದನೋ ಇಲ್ಲವೋ ನನಗೆ ತಿಳಿಯಲಿಲ್ಲ, ತಿಳಿದುಕೊಳ್ಳಲೂ ಹೋಗಲಿಲ್ಲ. ತಂತಿಯ ಸಂದಿನಿಂದ ಕೈ ತೂರಿಸಿ ಅವನ ಭುಜದ ಮೇಲಿದ್ದ ಪೈನ್ ಎಲೆಯೊಂದನ್ನು ತೆಗೆದೆ.

ಕೆರೆಯ ದಡ

ಹೊರಡುವ ದಿನ ಬೆಳಿಗ್ಗೆ ಐಲಾ, ಮಂಜ ಇಬ್ಬರೂ ಏಳುವ ಮೊದಲು ಕೆರೆಯ ಪಕ್ಕದ ಕಾಲುದಾರಿಗೆ ಹೋದೆ. ನೀರಿನ ಮೇಲೆ ಮಂಜು ಹಬ್ಬಿತ್ತು. ಎದುರು ದಡ ಇರಲೇ ಇಲ್ಲ.

ಮಂಜ ಹೇಳಿದ್ದು ಎರಡು ದಿನದಿಂದ ತಲೆಯಲ್ಲಿ ಸುತ್ತುತ್ತಿತ್ತು. ನನಗೆ ಓಡುವುದನ್ನು ಕಲಿಸಿದವರೆಲ್ಲ ನೋಡಿದ್ದು ನನ್ನ ಕಾಲು, ಮೊಣಕೈ, ಕೊನೆಗೆ ಕೈಗಡಿಯಾರ. ಮುಖದ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. ಅದನ್ನು ಹೇಳುವುದಕ್ಕೆ ಮನೆಯವರೇ ನೋಡಬೇಕಾಗುತ್ತದೆ. ಮಂಜನ ಮಾತು ನಿಜವೋ, ಸಮಾಧಾನಕ್ಕೆ ಹೇಳಿದ್ದೋ ಎಂಬ ಅನುಮಾನವೂ ಸಣ್ಣಗೆ ಇತ್ತು. ಒಮ್ಮೆ ಸುಳ್ಳು ಹೇಳಿದವನಲ್ಲವೇ.

ಮೆಲ್ಲಗೆ ಓಡತೊಡಗಿದೆ. ದಾರಿಯಲ್ಲಿ ಯಾರೂ ಇಲ್ಲ. ಬರ್ಚ್ ಮರಗಳ ಸಾಲಿನ ಹತ್ತಿರ ದಾರಿ ನೀರಿನ ಕಡೆಗೆ ತಿರುಗುತ್ತದೆ. ಅಲ್ಲಿಗೆ ಬರುವಾಗ ವೇಗ ಹೆಚ್ಚಿಸಿದೆ. ಕಾಲು ತಾನಾಗಿ ಉದ್ದವಾಯಿತು, ಮೈ ಎಡಕ್ಕೆ ಬಾಗಿತು. ಆಗ ಬಲಗೈಯೆತ್ತಿ ಬೆರಳುಗಳನ್ನು ತುಟಿಯ ಮೇಲೆ ಇಟ್ಟುಕೊಂಡೆ. ಒಂದು ಕೈ ಬಾಯ ಮೇಲಿಟ್ಟುಕೊಂಡು ವೇಗವಾಗಿ ಓಡುವುದು ಸುಲಭವಲ್ಲ, ನೋಡುವುದಕ್ಕೂ ಚೆಂದವಿರಲಿಕ್ಕಿಲ್ಲ. ಮಂಜಿನೊಳಗಿಂದ ನಾಯಿ ಹಿಡಿದುಕೊಂಡು ಬಂದ ಮುದುಕಿಯೊಬ್ಬರು ನನ್ನನ್ನು ಕಂಡು ದಾರಿ ಬಿಟ್ಟು ಸರಿದರು. ಅವರ ದೇಶದ ಪದ್ಧತಿಯಂತೆ ಏನೂ ಕೇಳಲಿಲ್ಲ.

ನನ್ನ ಬೆರಳುಗಳ ಕೆಳಗೆ ತುಟಿ ಅಗಲವಾಗುತ್ತ ಹೋಯಿತು. ನಾನು ತಿರುವು ಮುಗಿಯುವವರೆಗೂ ಕೈ ತೆಗೆಯಲಿಲ್ಲ.